ದೊಡ್ಡ ಜಲಾಶಯದಲ್ಲಿ ಕಯಾಕ್ ಬಾಸ್ ಪಂದ್ಯ: ಸಿದ್ಧತೆ, ಅಳತೆ, ಚಿತ್ರ

ಕಯಾಕ್‌ನಲ್ಲಿ ಕುಳಿತು ಬಾಸ್ ಮೀನು ಹಿಡಿಯುವ ಪಂದ್ಯಗಳಲ್ಲಿ ಮೀನನ್ನು ತೂಗುವುದಿಲ್ಲ, ಅಳೆಯುತ್ತಾರೆ. ಮೋಟಾರು ದೋಣಿಗಳಲ್ಲಿರುವಂತೆ ಮೀನನ್ನು ಜೀವಂತವಾಗಿ ಇರಿಸುವ ತೊಟ್ಟಿ ಈ ಪುಟ್ಟ ದೋಣಿಯಲ್ಲಿ ಸಾಮಾನ್ಯವಾಗಿ ಇರದ ಕಾರಣ, ಹಿಡಿದ ಮೀನನ್ನು ಅಳತೆ ಹಲಗೆಯ ಮೇಲೆ ಮಲಗಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು, ಅಲ್ಲಿಯೇ ನೀರಿಗೆ ಬಿಡಬೇಕು. ಸಾಮಾನ್ಯವಾಗಿ ದಿನದ ಅತಿ ಉದ್ದನೆಯ ಐದು ಮೀನುಗಳ ಒಟ್ಟು ಉದ್ದವೇ ಸ್ಪರ್ಧಿಯ ಅಂಕ. ಒಳ್ಳೆಯ ಮೀನು ಹಿಡಿದವರೇ ಚಿತ್ರದ ದೋಷದಿಂದ ಪಟ್ಟಿಯಲ್ಲಿ ಕೆಳಗಿಳಿಯುವುದನ್ನು ಮತ್ತೆ ಮತ್ತೆ ಕಂಡಿರುವುದರಿಂದ ಆ ಹಂತವನ್ನು ಇಲ್ಲಿ ಸವಿಸ್ತಾರವಾಗಿ ಹೇಳುತ್ತೇನೆ. ಉದಾಹರಣೆಗೆ ಅಮೆರಿಕದ ಅಲಬಾಮಾ ರಾಜ್ಯದ ಗಂಟರ್ಸ್‌ವಿಲ್ ಜಲಾಶಯವನ್ನು ಇಟ್ಟುಕೊಳ್ಳೋಣ.

ಮೊದಲ ಹಂತ ಕಾಗದಪತ್ರಗಳದ್ದು: ರಾಜ್ಯದ ಮೀನುಗಾರಿಕೆ ಪರವಾನಗಿ ಪಡೆದು, ಪಂದ್ಯಕ್ಕೆ ಹೆಸರು ನೋಂದಾಯಿಸಿ, ನಿಯಮಾವಳಿಯನ್ನು ಕೊನೆಯ ಸಾಲಿನವರೆಗೂ ಓದಿರಿ.

ಎರಡನೆಯದು ಜಾಗದ ಆಯ್ಕೆ. ಟೆನೆಸಿ ನದಿಗೆ 1939ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ರೂಪುಗೊಂಡ ಗಂಟರ್ಸ್‌ವಿಲ್ ಜಲಾಶಯ ಸುಮಾರು 69,000 ಎಕರೆ ವಿಸ್ತಾರವಾಗಿದ್ದು, ಸುಮಾರು 75 ಮೈಲಿ ಉದ್ದಕ್ಕೆ ಚಾಚಿಕೊಂಡಿದೆ. ಇಷ್ಟು ನೀರನ್ನು ಹುಟ್ಟು ಹಾಕಿಯೋ ಪೆಡಲ್ ತುಳಿದೋ ಸುತ್ತುವ ಆಸೆಯನ್ನು ಬಿಟ್ಟುಬಿಡಿ. ಗಾಳಿಗೆ ಮರೆಯಾದ ಒಂದು ಹಿನ್ನೀರಿನ ಕವಲನ್ನು ಆರಿಸಿಕೊಂಡು, ಅಲ್ಲಿನ ಹೈಡ್ರಿಲ್ಲಾ ಮತ್ತು ಮಿಲ್‌ಫಾಯಿಲ್ ಜಲಸಸ್ಯಗಳ ಅಂಚನ್ನೂ ಸೇತುವೆಯ ಕಲ್ಲುಕಟ್ಟನ್ನೂ ತಾಳ್ಮೆಯಿಂದ ಶೋಧಿಸುವುದೇ ಸರಿಯಾದ ಕ್ರಮ. ಇದೇ ಜಲಾಶಯದಲ್ಲಿ 2014ರಲ್ಲಿ ನಡೆದ ಬಾಸ್‌ಮಾಸ್ಟರ್ ಕ್ಲಾಸಿಕ್ ಎಂಬ ಮೋಟಾರು ದೋಣಿಗಳ ದೊಡ್ಡ ಬಾಸ್ ಪಂದ್ಯವನ್ನು, ವೇಗದ ದೋಣಿ ಕೈಯಲ್ಲಿದ್ದರೂ, ವೃತ್ತಿಪರ ಸ್ಪರ್ಧಿ ರ‍್ಯಾಂಡಿ ಹೋವೆಲ್ ಅವರು ಕೊನೆಯ ದಿನ ಸೇತುವೆಯೊಂದರ ಕಲ್ಲುಕಟ್ಟಿನ ಬಳಿ ಮೀನು ಹಿಡಿದು ಗೆದ್ದರು. ನದಿಯ ಮುಖ್ಯ ಪಾತ್ರದಲ್ಲಿ ಸರಕು ಸಾಗಿಸುವ ಬಾರ್ಜ್‌ಗಳು ಓಡಾಡುತ್ತವೆ. ಅವು ತಟ್ಟನೆ ನಿಲ್ಲಲಾರವು, ದಿಕ್ಕು ಬದಲಿಸಲಾರವು. ಆದ್ದರಿಂದ ಆ ದಾರಿಯನ್ನು ಅಡ್ಡ ಹಾಯದೆಯೇ ಮೀನು ಹಿಡಿಯಬಹುದಾದ ಜಾಗವನ್ನೇ ಗುರುತಿಸಿಕೊಳ್ಳಿ. ಲೈಫ್ ಜಾಕೆಟ್ಟನ್ನು ನೀರಿನಲ್ಲಿರುವಷ್ಟು ಹೊತ್ತೂ ತೊಟ್ಟಿರಬೇಕು, ನಸುಕಿನಲ್ಲಿ ಸುತ್ತಲೂ ಕಾಣುವ ಬಿಳಿ ದೀಪ ಉರಿಯುತ್ತಿರಬೇಕು. ವಸಂತದ ಆರಂಭದಲ್ಲಿ ಹವೆ ಬೆಚ್ಚಗಿದ್ದರೂ ನೀರು ಕೊರೆಯುತ್ತಿರುತ್ತದೆ. ಉಡುಪು ನೀರಿನ ತಂಪಿಗೆ ಹೊಂದುವಂತಿರಲಿ.

ಗಾಳದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಇಂಥ ಪಂದ್ಯಗಳಲ್ಲಿ ಜೀವಂತ ಎರೆಗೆ ಅವಕಾಶವಿರುವುದಿಲ್ಲ, ನಿಮಗೆ ಕೈ ಪಳಗಿರುವ ಮೂರು ನಾಲ್ಕು ಕೃತಕ ಎರೆಗಳು ಸಾಕು. ಹತ್ತಾರು ಗಾಳದ ಕೋಲುಗಳನ್ನು ಹೇರಿಕೊಂಡು ಬರುವವರು ಮೀನು ಸಿಕ್ಕಾಗ ಹಲಗೆ ಇಡಲು ಜಾಗವಿಲ್ಲದೆ ಒದ್ದಾಡುತ್ತಾರೆ.

ಈಗ ಕಠಿಣ ಹಂತ. ಗಾಳಕ್ಕೆ ಸಿಕ್ಕ ಮೀನು ನಿಮ್ಮ ಕೈಬಲೆಗೆ ಬಿದ್ದೊಡನೆ ಅದನ್ನು ಮೇಲೆತ್ತಬೇಡಿ. ಬಲೆಯೊಳಗೆ, ನೀರಿನಲ್ಲಿಯೇ ಇರಲಿ. ಮೊದಲು ಹಲಗೆಯನ್ನು ನೀರಿನಲ್ಲಿ ಅದ್ದಿ ತೊಡೆಯ ಮೇಲೆ ಇರಿಸಿ. ಬಿಸಿಲಿಗೆ ಕಾದ ಒಣ ಹಲಗೆ ಮೀನಿನ ಮೈಯ ಲೋಳೆಯನ್ನು ಕೀಳುತ್ತದೆ, ಮೀನೂ ಚಡಪಡಿಸುತ್ತದೆ. ಹಲಗೆಯನ್ನೂ ಮೊಬೈಲನ್ನೂ ದಾರದಿಂದ ದೋಣಿಗೆ ಕಟ್ಟಿರಬೇಕು. ಪಂದ್ಯದ ಹಿಂದಿನ ಸಂಜೆಯೋ ಅಂದು ಬೆಳಿಗ್ಗೆಯೋ ಆಯೋಜಕರು ನೀಡುವ ಗುರುತಿನ ಸಂಕೇತವನ್ನು ಬರೆದ ಚೀಟಿಯು ಪ್ರತಿ ಚಿತ್ರದಲ್ಲಿಯೂ ಸ್ಪಷ್ಟವಾಗಿ ಕಾಣಬೇಕು. ನಿಯಮ ಒಪ್ಪಿದರೆ ಅದನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ. ಬಿಡಿ ಚೀಟಿ ಗಾಳಿಗೆ ಹಾರುತ್ತದೆ. ಮೊಬೈಲಿನ ಮಸೂರವನ್ನು ಒರೆಸಿ, ಕ್ಯಾಮೆರಾ ತೆರೆದಿಟ್ಟ ಬಳಿಕವೇ ಮೀನಿನ ಕೆಳದವಡೆ ಹಿಡಿದು ಎತ್ತಿ.

ಮೀನಿನ ತಲೆ ಎಡಕ್ಕಿರಲಿ, ಎಡಮೈ ಮೇಲಿರಲಿ. ಬಾಯಿ ಪೂರ್ತಿ ಮುಚ್ಚಿ, ಮೂತಿ ಹಲಗೆಯ ಎಡತುದಿಯ ತಡೆಗೆ ತಾಗಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ: ಬಾಲದ ಕಡೆ ನೋಡುತ್ತಿರುವಾಗ ಮೀನು ಕೂದಲೆಳೆಯಷ್ಟು ಹಿಂದೆ ಸರಿದು, ಮೂತಿಗೂ ತಡೆಗೂ ನಡುವೆ ಬೆಳಕು ಕಾಣಿಸಿಕೊಳ್ಳುತ್ತದೆ. ಒದ್ದೆ ಅಂಗೈಯನ್ನು ಮೀನಿನ ನಡುಮೈಯ ಮೇಲೆ ಮೆಲ್ಲನೆ ಊರಿ ಮುಂದಕ್ಕೆ ಒತ್ತಿ ಹಿಡಿದರೆ ಅದು ಸುಮ್ಮನಾಗುತ್ತದೆ. ಬೆರಳು ಕಿವಿರಿನ ಮುಚ್ಚಳದೊಳಗೆ ಹೋಗಬಾರದು, ಕೈ ಬಾಯಿಯನ್ನಾಗಲಿ ಬಾಲದ ತುದಿಯನ್ನಾಗಲಿ ಮರೆಮಾಡಬಾರದು. ಚಿತ್ರವನ್ನು ನೇರ ಮೇಲಿನಿಂದ ತೆಗೆಯಿರಿ. ಓರೆಯಾಗಿ ತೆಗೆದರೆ ಬಾಲದ ತುದಿ ತಪ್ಪು ಗೆರೆಯ ಮೇಲಿರುವಂತೆ ತೋರುತ್ತದೆ. ಒಂದಕ್ಕೆ ನಿಲ್ಲಿಸದೆ ಮೂರು ನಾಲ್ಕು ಚಿತ್ರ ತೆಗೆದು, ಮೀನನ್ನು ಮತ್ತೆ ಬಲೆಗೆ ಇಳಿಸಿ, ಚಿತ್ರಗಳನ್ನು ಹಿಗ್ಗಿಸಿ ನೋಡಿ, ಸರಿಯಿದ್ದರೆ ಮಾತ್ರ ಬಿಡಿ. ಬಿಟ್ಟ ಮೀನಿನ ಚಿತ್ರವನ್ನು ಮತ್ತೆ ತೆಗೆಯಲಾಗದು.

ಅಳತೆಯನ್ನು ಸಾಮಾನ್ಯವಾಗಿ ಕಾಲು ಇಂಚಿನ ಗೆರೆಗೆ ಕೆಳಮುಖವಾಗಿ ಇಳಿಸುತ್ತಾರೆ; ಬಾಲ 18 ಇಂಚಿನ ಗೆರೆಯನ್ನು ಮುಟ್ಟುವಂತಿದ್ದೂ ಮುಟ್ಟದಿದ್ದರೆ ದೊರೆಯುವುದು 17.75. ಐದು ಮೀನುಗಳಲ್ಲಿಯೂ ಹೀಗೆ ಕಾಲಿಂಚು ಕಳೆದುಕೊಂಡರೆ ಒಂದೂಕಾಲು ಇಂಚು ಹೋಯಿತು, ಅಷ್ಟರಲ್ಲಿ ಹಲವು ಸ್ಥಾನಗಳು ಕೈತಪ್ಪಬಹುದು. ಅಗ್ಗದ ತೆಳು ಪ್ಲಾಸ್ಟಿಕ್ ಹಲಗೆಗಳು ಬಿಸಿಲಿಗೆ ಬಾಗುತ್ತವೆ, ಗೆರೆಗಳು ಮಾಸುತ್ತವೆ, ಅವನ್ನು ಕೊಳ್ಳಲೇಬೇಡಿ. ಪಂದ್ಯದ ನಿಯಮ ಒಪ್ಪುವ ಅಲ್ಯೂಮಿನಿಯಂ ಹಲಗೆಗೆ ಹಣ ಕೊಡಿ, ಉಳಿತಾಯವನ್ನು ಎರೆಗಳಲ್ಲಿ ಮಾಡಿ.

ಚಿತ್ರಗಳನ್ನು ಪಂದ್ಯದ ಆ್ಯಪ್‌ಗೆ ಆಗಾಗ ಕಳುಹಿಸುತ್ತಿರಿ. ಸಂಜೆಗೆಂದು ಇಟ್ಟುಕೊಂಡರೆ ಬ್ಯಾಟರಿ ಬರಿದಾಗಿಯೋ ಸಿಗ್ನಲ್ ಸಿಗದೆಯೋ ಗಡುವು ಮೀರುತ್ತದೆ. ತೀರ್ಪುಗಾರರು ಮೂಲಚಿತ್ರವನ್ನು ಕೇಳಬಹುದಾದ್ದರಿಂದ ಫಲಿತಾಂಶ ಅಂತಿಮಗೊಳ್ಳುವವರೆಗೆ ಯಾವ ಚಿತ್ರವನ್ನೂ ಮೊಬೈಲಿನಿಂದ ಅಳಿಸಬೇಡಿ.