ಸ್ನಾಯುರೋಗವಿರುವವರು ಮಗುವಿಗೆ ಸಿದ್ಧರಾಗುವ ಬಗೆ

ಮಯೋಟೋನಿಕ್ ಡಿಸ್ಟ್ರೋಫಿ ಎಂಬ ಆನುವಂಶಿಕ ಸ್ನಾಯುರೋಗವಿರುವವರು ಗರ್ಭಧಾರಣೆಗೆ ಮೊದಲೇ ವಂಶವಾಹಿ ತಜ್ಞರನ್ನು ಕಾಣುವುದು ಒಳ್ಳೆಯದು. ತಂದೆ ತಾಯಿಯರಲ್ಲಿ ಒಬ್ಬರಿಗೆ ರೋಗವಿದ್ದರೆ ಅದು ಮಗುವಿಗೆ ದಾಟುವ ಸಾಧ್ಯತೆ ಪ್ರತಿ ಗರ್ಭದಲ್ಲೂ ಶೇ. 50ರಷ್ಟಿರುತ್ತದೆ, ಮೊದಲ ಮಗುವಿಗೆ ಬಂದಿಲ್ಲವೆಂದ ಮಾತ್ರಕ್ಕೆ ಎರಡನೆಯದಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸುವ ವಿಧಾನ) ಮೂಲಕ ಭ್ರೂಣವನ್ನು ಮೊದಲೇ ಪರೀಕ್ಷಿಸುವ ಮಾರ್ಗವಿದೆ. ಪರೀಕ್ಷೆಯೇ ಬೇಡವೆನ್ನುವುದೂ ದಂಪತಿಯ ಹಕ್ಕೇ.

ಹೆರಿಗೆಯ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಗರ್ಭಕೋಶವೂ ಸ್ನಾಯುವೇ ಆದ್ದರಿಂದ ಹೆರಿಗೆ ನಿಧಾನವಾಗಬಹುದು, ಬಳಿಕ ರಕ್ತಸ್ರಾವ ಹೆಚ್ಚಬಹುದು; ಅರಿವಳಿಕೆಯ ಕೆಲವು ಔಷಧಗಳು, ಮುಖ್ಯವಾಗಿ ಸಕ್ಸಿನೈಲ್‌ಕೋಲಿನ್, ಅಪಾಯಕಾರಿ. ಹೀಗಾಗಿ ಅರಿವಳಿಕೆ ತಜ್ಞರನ್ನು ಮುಂಚಿತವಾಗಿ ಭೇಟಿಯಾಗಿ, ಇಸಿಜಿ ಮಾಡಿಸಿಕೊಂಡು, ರೋಗದ ಹೆಸರನ್ನು ದಪ್ಪಕ್ಷರದಲ್ಲಿ ಬರೆದ ಚೀಟಿಯನ್ನು ಕಡತದ ಮೊದಲ ಪುಟಕ್ಕೇ ಅಂಟಿಸಿಡಬೇಕು. ರೋಗ ತಾಯಿಗಿದ್ದರೆ ಹುಟ್ಟಿದ ಮಗುವಿಗೆ ಉಸಿರಾಡಲು, ಹಾಲು ಚೀಪಲು ಕಷ್ಟವಾಗಬಹುದಾದ್ದರಿಂದ ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ.

ಹಿಡಿದ ಬೆರಳುಗಳು ತಟ್ಟನೆ ಬಿಚ್ಚಿಕೊಳ್ಳದಿರುವುದು ಈ ರೋಗದ ಲಕ್ಷಣ. ಮಗುವಿನ ಅಂಗಿಯ ಸಣ್ಣ ಗುಂಡಿಗಳೆದುರು ಅದು ಚೆನ್ನಾಗಿ ಅರಿವಾಗುತ್ತದೆ. ಅಂಟುಪಟ್ಟಿಯ ಉಡುಪನ್ನೇ ಕೊಳ್ಳಿ. ಹಾಲೂಡಿಸುವಾಗ ತೊಡೆಯ ಮೇಲೆ ದಿಂಬಿಟ್ಟು ಮೊಣಕೈಗೆ ಆಸರೆ ಕೊಡಿ, ಮಗುವನ್ನು ನೆಲದಿಂದ ಎತ್ತುವ ಕೆಲಸವನ್ನು ಇನ್ನೊಬ್ಬರಿಗೆ ಬಿಡಿ.