ಕುತ್ತಿಗೆ ಕೊಯ್ಯದೆ ಬಾಯಿಂದಲೇ ತೆಗೆದ ಶ್ವಾನೋಮಾ

ನರದ ಹೊದಿಕೆಯಿಂದ ಬೆಳೆಯುವ ಈ ಗಡ್ಡೆ ಬಾಯಿಂದ ಬರಲ್ಲ ಅಂತ ಜೊತೆಯ ಡಾಕ್ಟರುಗಳು ಅಂದಿದ್ದರು. ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ರೋಗಿಯ ಬಲಗಡೆ ಅರಿಎಪಿಗ್ಲಾಟಿಕ್ ಫೋಲ್ಡಿನಲ್ಲಿ (ಧ್ವನಿಪೆಟ್ಟಿಗೆಯ ಬಾಯಿಯ ಪಕ್ಕದ ಮಡಿಕೆ) ನುಣುಪಾದ ಗಡ್ಡೆ, ಹೆಚ್ಚುಕಡಿಮೆ ಎರಡೂವರೆ ಸೆಂಟಿಮೀಟರ್. ಎರಡು ವರ್ಷದಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಅಷ್ಟೂ ದಿನ ಅಸಿಡಿಟಿ ಮಾತ್ರೆ ನುಂಗಿದ್ದರು. ನಾನು ಮಾಡಿದ ಮೊದಲ ಬಯಾಪ್ಸಿಯಲ್ಲಿ ನಾರ್ಮಲ್ ಮ್ಯೂಕೋಸಾ, ಅಂದರೆ ಬರೀ ಮೇಲ್ಪೊರೆ. ಎರಡನೆಯದರಲ್ಲೂ ಅದೇ. ಪೊರೆಯ ಕೆಳಗಿರುವ ಗಡ್ಡೆಯನ್ನು ಮೇಲೆ ಮೇಲೆ ಚಿವುಟಿದರೆ ಇನ್ನೇನು ಸಿಗುತ್ತೆ? ಎರಡು ಸಲ ಥಿಯೇಟರ್ ಖರ್ಚು, ಎರಡು ಸಲ ಅನಸ್ತೇಸಿಯಾ ಬಿಲ್ಲು, ಸಿಕ್ಕಿದ್ದು ಸೊನ್ನೆ. ಎರಡನೆಯ ಸಲ ನನ್ನ ಫೀಸು ತೆಗೆದುಕೊಳ್ಳೋಕೆ ಮುಖವೇ ಇರಲಿಲ್ಲ.

ಆಳಕ್ಕೆ ಕೈ ಹಾಕುವ ಮೊದಲು ಕಾಂಟ್ರಾಸ್ಟ್ ಸ್ಕ್ಯಾನ್ ಮಾಡಿಸಿದೆ. ರಕ್ತನಾಳ ತುಂಬಿರುವ ಪ್ಯಾರಾಗ್ಯಾಂಗ್ಲಿಯೋಮಾ ಗಡ್ಡೆ ಆಗಿದ್ದರೆ ರಕ್ತ ನಿಲ್ಲಿಸೋದೇ ಕೆಲಸ ಆಗಿಬಿಡುತ್ತೆ. ಹಾಗೇನೂ ಕಾಣಲಿಲ್ಲ. ಎಂಆರ್‌ಐ ಟಿ2 ಚಿತ್ರದಲ್ಲಿ ಬೆಳ್ಳಗಿತ್ತು. ಶ್ವಾನೋಮಾನೇ ಇರಬೇಕು ಅನ್ನಿಸಿತು.

ಜೊತೆಯವರು ಟ್ರೇಕಿಯಾಸ್ಟಮಿ ಮಾಡಿ (ಉಸಿರಿಗೆ ಕುತ್ತಿಗೆಯಲ್ಲಿ ತೂತು ಮಾಡಿ) ಹೊರಗಿಂದಲೇ ತೆಗಿ ಅಂದರು. ಅವರದೂ ತಪ್ಪಲ್ಲ. ಹಿಂದೊಮ್ಮೆ ಇಂಥದ್ದನ್ನೇ ನಾನು ಲೇಸರ್‌ನಲ್ಲಿ ತುಂಡುತುಂಡಾಗಿ ತೆಗೆದು, ಕ್ಯಾಪ್ಸೂಲಿನ (ಗಡ್ಡೆಯ ಹೊರಕವಚದ) ಚೂರು ಉಳಿಸಿ, ಮೂರು ವರ್ಷಕ್ಕೆ ಅದು ಮತ್ತೆ ಬೆಳೆದದ್ದನ್ನು ಎಲ್ಲರೂ ನೋಡಿದ್ದರು.

ಈ ಸಲ ಲೇಸರ್ ಬರೀ ಪೊರೆ ಕೊಯ್ಯೋಕೆ. ಅಡ್ರಿನಾಲಿನ್ ಬೆರೆಸಿದ ಸಲೈನ್ ಚುಚ್ಚಿ ಪೊರೆ ಎಬ್ಬಿಸಿದೆ, ಆಮೇಲೆ ಪೂರ್ತಿ ಕೋಲ್ಡ್, ಲೇಸರ್ ಶಾಖ ಇಲ್ಲದೆ ಬರೀ ಸಲಕರಣೆಯಿಂದ. ಕಿವಿಯ ಸಲಕರಣೆ ಹಾಕಿ ನೋಡಿದೆ, ಉದ್ದ ಸಾಲಲಿಲ್ಲ. ಕೊನೆಗೆ ಅಂಗಾಂಶ ಬಿಡಿಸುವ ಒಂದು ಹಳೇ ಲ್ಯಾರಿಂಜಿಯಲ್ ಎಲಿವೇಟರ್‌ನ ತುದಿ ಬಗ್ಗಿಸಿಕೊಂಡೆ. ಎಷ್ಟು, ಯಾವ ಕಡೆಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದು ಕ್ಯಾಪ್ಸೂಲಿನ ಹಿಂದೆ ಹೋದದ್ದೇ ತಡ, ಗಡ್ಡೆ ನಿಧಾನಕ್ಕೆ ಮಗುಚಿಕೊಂಡಿತು, ಬುಡದಲ್ಲಿ ಕೂದಲೆಳೆಯಷ್ಟು ಒಂದು ನರ ಮಾತ್ರ ಹಿಡಿದಿತ್ತು. ಕತ್ತರಿಸಿದೆ. ಇಡಿಯಾಗಿ ಬಂತು. ನಾಲಿಗೆಗೆ ರಕ್ತ ಹರಿಯಲಿ ಅಂತ ಆಗಾಗ ಸಸ್ಪೆನ್ಷನ್ (ಬಾಯಲ್ಲಿ ಇಟ್ಟ ಕೊಳವೆಯನ್ನು ಎತ್ತಿ ಹಿಡಿಯುವ ಆಸರೆ) ಸಡಿಲಿಸಿದ್ದೂ ಸೇರಿ ಸುಮಾರು ಒಂದೂಮುಕ್ಕಾಲು ಗಂಟೆ. ಟ್ರೇಕಿಯಾಸ್ಟಮಿ ಬೇಕಾಗಲಿಲ್ಲ.

ಗಾಯಕ್ಕೆ ಫೈಬ್ರಿನ್ ಗ್ಲೂ (ಗಾಯ ಮುಚ್ಚುವ ಅಂಟು) ಹಾಕಿ ನೋಡೋಣ ಅನ್ನಿಸಿತು. ದುಬಾರಿ ಸಾಮಾನು. ಮಾರನೇ ದಿನ ರೋಗಿ ಅದನ್ನು ಕೆಮ್ಮಿ ಉಗಿದರು! ಇನ್ನು ಆ ಸಹವಾಸ ಬೇಡ.

ಹತ್ತು ಹನ್ನೆರಡು ದಿನ ನೀರು ಕುಡಿದರೆ ಕೆಮ್ಮು, ಗಟ್ಟಿ ಆಹಾರ ಸರಿಹೋಗುತ್ತಿತ್ತು. ರಿಪೋರ್ಟ್‌ನಲ್ಲಿ ಆಂಟೋನಿ ಎ, ಬಿ ಎರಡೂ, ಎಸ್-100 ಪಾಸಿಟಿವ್, ಅಂದರೆ ಶ್ವಾನೋಮಾದ ಗುರುತುಗಳೇ. ಒಂದೂವರೆ ವರ್ಷ ಆಯ್ತು, ಏನೂ ಇಲ್ಲ. ಹಳೇದು ಮೂರು ವರ್ಷಕ್ಕೆ ಬಂದಿತ್ತಲ್ವಾ, ಹಾಗಾಗಿ ಆರು ತಿಂಗಳಿಗೊಮ್ಮೆ ಸ್ಕೋಪ್ ಹಾಕುತ್ತಲೇ ಇದ್ದೇನೆ. ಹೊರಗಿಂದಲೇ ತೆಗಿ ಅಂದವರೊಬ್ಬರು ಮೊನ್ನೆ ಆ ಎಲಿವೇಟರ್ ಎರವಲು ಕೇಳಿದರು.