ಸೆಟ್ ಒತ್ತಿದರೂ ಹಿಡಿಯದ ಕ್ರೂಸ್ ಕಂಟ್ರೋಲ್

ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ನಮ್ಮ ಕುಮಟಾ ಕಡೆ ಕ್ರೂಸ್ ಕಂಟ್ರೋಲ್ ರಿಪೇರಿ ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಎಕ್ಸಲೇಟರ್ ಮೇಲೆ ಕಾಲಿಡದೆಯೂ, ಸೆಟ್ ಬಟನ್ ಒತ್ತಿದಾಗ ಇದ್ದ ವೇಗದಲ್ಲೇ ಕಾರನ್ನು ಓಡಿಸುವ ಸೌಲಭ್ಯ ಅದು. ಮೊದಲು ಕಾರಿನಲ್ಲಿ ಅದು ಇದ್ದವರೂ ಬಳಸುತ್ತಿರಲಿಲ್ಲ. ತಿರುವು, ಪೇಟೆ, ಎದುರಿಗೆ ಲಾರಿ, ಇವುಗಳ ನಡುವೆ ಒಂದೇ ವೇಗದಲ್ಲಿ ಹೋಗುವ ಮಾತೇ ಇರಲಿಲ್ಲ. ಈಗ ಮಣಿಪಾಲ, ಮಂಗಳೂರು ಆಸ್ಪತ್ರೆಗಳಿಗೆ ತಾವೇ ಕಾರು ಓಡಿಸಿಕೊಂಡು ಹೋಗುವ ವಯಸ್ಸಾದವರಿಗೆ ಅದು ನಿಜಕ್ಕೂ ಬೇಕಾಗಿದೆ. ಹತ್ತು ಹನ್ನೆರಡು ವರ್ಷ ಹಳೆಯ ಕಾರುಗಳಲ್ಲಿ ಅದು ಕೈಕೊಟ್ಟರೆ ಬಹುಪಾಲು ಜನ 'ಹೋಗಲಿ ಬಿಡು' ಎಂದು ಸುಮ್ಮನಾಗುತ್ತಾರೆ. ಹಾಗೆ ಬಿಡಬೇಕಾಗಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಸಲ ಮಳೆಗಾಲ ಮುಗಿಯುತ್ತಿದ್ದ ಹಾಗೆ ಗೋಕರ್ಣ ಕಡೆಯ ನಿವೃತ್ತ ಮಾಸ್ತರೊಬ್ಬರು ತಮ್ಮ 2012ರ ಡೀಸೆಲ್ ಕಾರು ತಂದರು. ಕ್ರೂಸ್ ಬಟನ್ ಒತ್ತಿದರೆ ಮೀಟರಿನಲ್ಲಿ ಹಸಿರು ದೀಪ ಹತ್ತುತ್ತದೆ. ಸೆಟ್ ಒತ್ತಿದರೆ ಹಿಡಿಯುವುದಿಲ್ಲ. ಯಾವಾಗಲೋ ಒಮ್ಮೆ ಹಿಡಿದರೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ತಾನಾಗಿ ಬಿಟ್ಟುಬಿಡುತ್ತದೆ. ಬೇರೆ ಕಡೆ ತೋರಿಸಿದಾಗ ಸ್ಟಿಯರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಸ್ಟಿಯರಿಂಗ್ ತಿರುಗಿದರೂ ಅದರ ಬಟನ್ನುಗಳ ಸಂಪರ್ಕ ತಪ್ಪದಂತೆ ಇಡುವ ವೈರ್ ಸುರುಳಿ) ಹೋಗಿದೆ, ಹೊಸದು ಹಾಕಿಸಬೇಕು ಎಂದಿದ್ದರಂತೆ.

"ತಮಾ, ದುಡ್ಡು ಹಾಕೂದು ದೊಡ್ಡದಲ್ಲ. ಹಾಕಿದ್ಮೇಲೂ ಸರಿಯಾಗ್ದೇ ಇದ್ರೆ ಏನು ಮಾಡೂದು?" ಎಂದು ಕೇಳಿದರು. ಅವರ ಬಲ ಮೊಣಕಾಲಿಗೆ ಆಪರೇಷನ್ ಆಗಿದೆ. ತಿಂಗಳಿಗೊಮ್ಮೆ ಹೆಂಡತಿಯನ್ನು ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗಬೇಕು. ಅಷ್ಟು ಹೊತ್ತು ಒಂದೇ ಸಮನೆ ಎಕ್ಸಲೇಟರ್ ಒತ್ತಿ ಹಿಡಿದರೆ ಮರುದಿನ ಮೆಟ್ಟಿಲು ಹತ್ತಲು ಆಗುವುದಿಲ್ಲ.

ಅವರ ಪ್ರಶ್ನೆ ಸರಿಯಾಗಿತ್ತು. ಹಳೆಯ ಕಾರಿನ ಕ್ರೂಸ್ ರಿಪೇರಿಯಲ್ಲಿ ದುಡ್ಡು ಹಾಳಾಗುವುದೇ ಹೀಗೆ, ಊಹೆಯ ಮೇಲೆ ಪಾರ್ಟ್ ಬದಲಿಸಿ. ಎಕ್ಸಲೇಟರಿಗೆ ಕೇಬಲ್ ಇಲ್ಲದ ಇಂಥ ಕಾರುಗಳಲ್ಲಿ ಕ್ರೂಸ್ ಎಂಬ ಪ್ರತ್ಯೇಕ ಯಂತ್ರವೇ ಇರುವುದಿಲ್ಲ. ಇಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ತಾನೇ ಆ ಕೆಲಸವನ್ನೂ ಮಾಡುತ್ತದೆ. ಸೆಟ್ ಒತ್ತಿದ ಕೂಡಲೇ ಅದು ಕೆಲವು ವಿಷಯ ನೋಡಿಕೊಳ್ಳುತ್ತದೆ: ವೇಗ ಸುಮಾರು ನಲವತ್ತು ದಾಟಿದೆಯೇ, ಬ್ರೇಕ್ ಮೇಲೆ ಕಾಲಿದೆಯೇ, ಕ್ಲಚ್ ಮೇಲೆ ಕಾಲಿದೆಯೇ, ವೇಗದ ಸೆನ್ಸರ್ ಸರಿಯಾಗಿ ಹೇಳುತ್ತಿದೆಯೇ, ಇಂಜಿನ್ನಿನಲ್ಲಿ ಬೇರೇನಾದರೂ ದೋಷ ದಾಖಲಾಗಿದೆಯೇ. ಇವುಗಳಲ್ಲಿ ಒಂದರ ಬಗ್ಗೆ ಅನುಮಾನ ಬಂದರೂ ಅದು ಒಲ್ಲೆ ಎನ್ನುತ್ತದೆ. ಹಾಗೆ ಒಲ್ಲೆ ಎನ್ನುವುದೇ ಅದರ ಕರ್ತವ್ಯ, ಕಾರನ್ನು ನಮ್ಮ ಕಾಲಿಲ್ಲದೆ ಓಡಿಸುವ ಜವಾಬ್ದಾರಿ ಅದರದ್ದು. ಆದ್ದರಿಂದ ರಿಪೇರಿ ಮಾಡುವವನು ಮೊದಲು ತಿಳಿಯಬೇಕಾದದ್ದು ಇಸಿಯುಗೆ ಯಾವುದರ ಮೇಲೆ ನಂಬಿಕೆ ಹೋಗಿದೆ ಎಂಬುದನ್ನು. ಸ್ಪ್ಯಾನರ್ ಹಿಡಿಯುವುದು ಆಮೇಲೆ.

ಅದನ್ನು ಕೇಳಲು ಸ್ಕ್ಯಾನರ್ ಇದೆ. ಮೊಬೈಲಿಗೆ ಬ್ಲೂಟೂತಿನಲ್ಲಿ ಸೇರುವ ಅಗ್ಗದ ಅಡಾಪ್ಟರ್ ಕೋಡ್ (ಇಸಿಯು ದಾಖಲಿಸಿಟ್ಟ ದೋಷದ ಸಂಖ್ಯೆ) ಓದುತ್ತದೆ, ಆದರೆ ಸ್ವಿಚ್ಚುಗಳ ಸ್ಥಿತಿಯನ್ನು ಎಲ್ಲ ಕಾರುಗಳಲ್ಲೂ ತೋರಿಸುವುದಿಲ್ಲ. ಆ ಕಂಪನಿಯ ಕಾರುಗಳಿಗೆ ಹೊಂದುವ ಸ್ಕ್ಯಾನರ್ ಹಾಕಿದೆ. ಇಗ್ನಿಶನ್ ಆನ್ ಮಾಡಿ, ಇಂಜಿನ್ ಚಾಲು ಮಾಡದೆ, ಇಸಿಯುಗೆ ಆ ಕ್ಷಣ ಕಾಣುತ್ತಿರುವುದನ್ನು ತೋರಿಸುವ ಲೈವ್ ಡೇಟಾ ತೆರೆದು ಮಾಸ್ತರರಿಗೆ ಸೆಟ್ ಒತ್ತಲು ಹೇಳಿದೆ. ಪರದೆಯ ಮೇಲೆ ಸೆಟ್ ಎದುರಿಗೆ 'ಆನ್' ಎಂದು ಬಂತು. ಬಿಟ್ಟರೆ 'ಆಫ್'. ಸ್ಟಿಯರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿಕೊಂಡೇ ಮತ್ತೆ ಮತ್ತೆ ಒತ್ತಿಸಿದೆ. ಒಮ್ಮೆಯೂ ತಪ್ಪಲಿಲ್ಲ. ಬಟನ್ನಿನಿಂದ ಹೊರಟ ಸುದ್ದಿ ಕ್ಲಾಕ್ ಸ್ಪ್ರಿಂಗ್ ದಾಟಿಯೇ ಇಸಿಯುಗೆ ಹೋಗಬೇಕು. ಅದು ತಲುಪುತ್ತಿದೆ ಎಂದ ಮೇಲೆ ಕ್ಲಾಕ್ ಸ್ಪ್ರಿಂಗ್ ಬದಲಿಸುವ ಮಾತೇ ಇಲ್ಲ. ಸ್ಟಿಯರಿಂಗ್ ಬಿಚ್ಚುವ ಕೆಲಸ ಅಲ್ಲಿಗೇ ತಪ್ಪಿತು.

ತಪ್ಪಿದ್ದು ಒಳ್ಳೆಯದೇ. ಕ್ಲಾಕ್ ಸ್ಪ್ರಿಂಗ್ ತೆಗೆಯಬೇಕೆಂದರೆ ಮೊದಲು ಏರ್‌ಬ್ಯಾಗ್ ತೆಗೆಯಬೇಕು. ಅದನ್ನು ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾರಿನ ಮ್ಯಾನ್ಯುಯಲ್ಲಿನಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಏರ್‌ಬ್ಯಾಗಿನ ಹಳದಿ ಕಪ್ಲರಿಗೆ (ವೈರ್ ಜೋಡಿಸುವ ಪ್ಲಗ್ಗಿಗೆ) ಯಾವ ಕಾರಣಕ್ಕೂ ಮಲ್ಟಿಮೀಟರಿನ ತಡೆ ಅಳೆಯುವ ಓಮ್ಸ್ ಹಚ್ಚಬಾರದು, ಮೀಟರಿನಿಂದ ಹೋಗುವ ಸಣ್ಣ ಕರೆಂಟೂ ಅಪಾಯ. ಮನೆಯಲ್ಲೇ ಮಾಡಿಕೊಳ್ಳುವ ಹುಡುಗರಿಗೆ ಇದನ್ನು ನಾನು ಒತ್ತಿ ಒತ್ತಿ ಹೇಳುತ್ತೇನೆ.

ಇನ್ನು ಕೋಡ್. ಇಂಜಿನ್ ದೀಪ ಹತ್ತಿರಲಿಲ್ಲ, ಆದರೂ ಇಸಿಯುವಿನ ನೆನಪಿನಲ್ಲಿ ಪಿ0504 ಕೂತಿತ್ತು. ಬ್ರೇಕ್ ಪೆಡಲ್ ಸ್ವಿಚ್ಚಿನ ಎರಡು ಸಾಕ್ಷಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಅದರ ಅರ್ಥ. ಈ ಸ್ವಿಚ್ಚಿನೊಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ. ಒಂದು ಪೆಡಲ್ ಒತ್ತಿದಾಗ ಕೂಡಿ ಹಿಂದಿನ ಬ್ರೇಕ್ ದೀಪ ಹೊತ್ತಿಸುತ್ತದೆ. ಇನ್ನೊಂದು ಅದಕ್ಕೆ ತದ್ವಿರುದ್ಧ: ಯಾವಾಗಲೂ ಕೂಡಿಕೊಂಡಿದ್ದು, ಒತ್ತಿದಾಗ ಬಿಡುತ್ತದೆ. ವೈರ್ ತುಂಡಾದರೂ ಕಾಂಟ್ಯಾಕ್ಟ್ ಕೆಟ್ಟರೂ ಇಸಿಯುಗೆ ಬ್ರೇಕ್ ಒತ್ತಿದಂತೆಯೇ ಕಾಣಲಿ, ಕ್ರೂಸ್ ಬಿಟ್ಟುಬಿಡಲಿ ಎಂದು ಹೀಗೆ ಮಾಡಿದ್ದಾರೆ. ಎಂಥ ಒಳ್ಳೆಯ ಯೋಚನೆ ನೋಡಿ! ಹಾಗಾಗಿ ಹಿಂದೆ ನಿಂತು 'ಬ್ರೇಕ್ ದೀಪ ಬರ್ತದೆ, ಸ್ವಿಚ್ ಸರಿ ಇದೆ' ಎಂದು ಹೇಳಿದರೆ ಅರ್ಧ ಪರೀಕ್ಷೆ ಮಾತ್ರ ಆಯಿತು.

ಲೈವ್ ಡೇಟಾದಲ್ಲಿ ಬ್ರೇಕ್ ಒಂದು, ಬ್ರೇಕ್ ಎರಡು ಅಂತ ಎರಡೂ ಕಾಣುತ್ತವೆ. ಕಾರು ನಿಂತಾಗ ಎರಡೂ ಸರಿ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಸ್ವಿಚ್ಚಿನ ವೈರಿಂಗ್ ಕಟ್ಟನ್ನು ಮೆಲ್ಲಗೆ ಅಲ್ಲಾಡಿಸಿದೆ. ಪೆಡಲನ್ನು ಯಾರೂ ಮುಟ್ಟದಿದ್ದರೂ ಬ್ರೇಕ್ ಎರಡು ಮಿಣುಕಿತು.

ಮೀಟರ್ ಹಿಡಿದು ಆ ಕಾಂಟ್ಯಾಕ್ಟಿನ ಔಟ್‌ಪುಟ್ ನೋಡಿದರೆ 12.4 ವೋಲ್ಟ್, ಬ್ಯಾಟರಿಯಲ್ಲಿ ಎಷ್ಟಿತ್ತೋ ಹತ್ತಿರ ಹತ್ತಿರ ಅಷ್ಟೇ. ಇಲ್ಲಿಗೇ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಕಿಲುಬು ಹಿಡಿದ ಪಿನ್ನೂ ಅಷ್ಟನ್ನು ದಾಟಿಸುತ್ತದೆ. ನನ್ನ ಬಳಿ 5 ವ್ಯಾಟ್ ಪಾರ್ಕಿಂಗ್ ಬಲ್ಬಿಗೆ ಎರಡು ವೈರ್ ಬೆಸೆದ ಟೆಸ್ಟ್ ಲ್ಯಾಂಪ್ ಇದೆ. ಇಸಿಯು ಕಡೆಯ ಕಪ್ಲರ್ ಬಿಚ್ಚಿಟ್ಟು, ಆ ವೈರಿಗೂ ಬಾಡಿ ಅರ್ಥಿಂಗಿಗೂ (ಕಾರಿನ ಲೋಹದ ಮೈಗೆ) ಅದನ್ನು ಹಚ್ಚಿದೆ. ಬಲ್ಬಿನ ತಂತಿ ಕೆಂಪಗಾಗಿ ನಿಂತಿತು, ಬೆಳ್ಳಗೆ ಉರಿಯಲಿಲ್ಲ. ಮೀಟರಿನಲ್ಲಿ ವೋಲ್ಟೇಜ್ ಕುಸಿದು ಮೇಲೆ ಕೆಳಗೆ ಆಡತೊಡಗಿತು. ಅರ್ಧ ಆಂಪಿಯರ್ ಕೂಡ ಬೇಡದ ಬಲ್ಬಿಗೆ ಹೀಗಾದರೆ ದಾರಿಯಲ್ಲಿ ಎಲ್ಲೋ ತಡೆ ಇದೆ ಎಂದೇ ಅರ್ಥ.

ಸ್ವಿಚ್ಚಿನ ಕಪ್ಲರ್ ಬಿಚ್ಚಿ ಟಾರ್ಚ್ ಹಾಕಿದಾಗ ಕಾರಣ ಕಣ್ಣಿಗೆ ಬಿತ್ತು. ನಾಲ್ಕು ಪಿನ್ನುಗಳಲ್ಲಿ ಎರಡು ಹೊಳೆಯುತ್ತಿದ್ದವು, ಒಂದು ಮಂಕಾಗಿತ್ತು, ಇನ್ನೊಂದರ ಬುಡದಲ್ಲಿ ಹಸಿರು ಕಿಲುಬು ಪುಡಿಪುಡಿಯಾಗಿ ಕೂತಿತ್ತು. ಕಪ್ಲರಿನ ಬಾಯಿಯಲ್ಲಿ ಒಣಗಿದ ಕೆಂಪು ಮಣ್ಣಿನ ಗೆರೆ. ಆ ಗೆರೆ ನನಗೆ ಕಿಲುಬಿಗಿಂತ ಮುಖ್ಯವಾಗಿ ಕಂಡಿತು. ನೀರು ಹರಿಯದೆ ಗೆರೆ ಮೂಡುವುದಿಲ್ಲ. ಡ್ಯಾಶ್‌ಬೋರ್ಡಿನ ಒಳಗೆ ನೀರು ಬಂದದ್ದು ಎಲ್ಲಿಂದ?

ಕರಾವಳಿಯ ಕಾರುಗಳ ಇಲೆಕ್ಟ್ರಿಕಲ್ ಕೆಲಸದಲ್ಲಿ ಈ ಪ್ರಶ್ನೆ ಕೇಳದೆ ಬಿಟ್ಟರೆ ಮುಂದಿನ ಆಷಾಢಕ್ಕೆ ಅದೇ ಕಾರು ಅದೇ ದೂರಿನೊಂದಿಗೆ ಬಾಗಿಲಿಗೆ ಬರುತ್ತದೆ. ಬಾನೆಟ್ ಎತ್ತಿ, ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ತೆಗೆದೆ. ಮಾಸ್ತರರು ಕಾರು ನಿಲ್ಲಿಸುವುದು ಮನೆಯಂಗಳದ ಹಲಸಿನ ಮರದ ಕೆಳಗೆ. ಗಾಜಿನ ಮೇಲೆ ಬಿದ್ದ ಮಳೆನೀರು ಇಳಿದುಹೋಗಲು ಮಾಡಿದ ತೂತು ಕೊಳೆತ ಎಲೆಯಿಂದ ಪೂರ್ತಿ ಕಟ್ಟಿತ್ತು. ಒಳಗೆ ಇನ್ನೂ ಒಂದು ಬೊಗಸೆ ನೀರು ನಿಂತಿತ್ತು. ಜೋರು ಮಳೆಯಲ್ಲಿ ಅದು ತುಂಬಿ, ವೈರಿಂಗ್ ಒಳಹೋಗುವ ಕಡೆಯ ರಬ್ಬರ್ ಬುಶ್ಶಿನ ಸಂದಿಯಲ್ಲಿ ನುಸುಳಿ, ವೈರುಗಳನ್ನೇ ಹಿಡಿದುಕೊಂಡು ಇಳಿದು ಬ್ರೇಕ್ ಸ್ವಿಚ್ಚಿನ ಕಪ್ಲರ್ ಸೇರುತ್ತಿತ್ತು. ಬ್ಯಾಟರಿಯ ಪಾಸಿಟಿವ್ ಸದಾ ಇರುವ ಪಿನ್ ತೇವದಲ್ಲಿ ಬಹಳ ಬೇಗ ತಿಂದುಹೋಗುತ್ತದೆ, ಉಪ್ಪುಗಾಳಿ ಬೆರೆತರೆ ಇನ್ನೂ ಬೇಗ.

ಕೆಲಸ ಶುರುವಾದದ್ದು ಅಲ್ಲಿಂದ. ಎಲೆಯನ್ನೆಲ್ಲ ಕೈಯಿಂದ ತೆಗೆದು, ಮೇಲಿಂದ ನೀರು ಬಿಟ್ಟು ಕೆಳಗೆ ಚಕ್ರದ ಹತ್ತಿರ ಸುರಿಯುವುದನ್ನು ಕಣ್ಣಾರೆ ನೋಡಿದೆ. ರಬ್ಬರ್ ಬುಶ್ ಗಟ್ಟಿಯಾಗಿ ಬಿರಿದಿತ್ತು, ಹೊಸದು ಹಾಕಿ ಸುತ್ತ ಸೀಲಂಟ್ ಕೊಟ್ಟೆ. ಸ್ವಿಚ್ ಹೊಸದೇ ಹಾಕಿದೆ. ಪಿನ್ನನ್ನು ಉಜ್ಜಿ ಹಳೆಯದನ್ನೇ ಉಳಿಸುವುದು ಬ್ರೇಕಿನ ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ, ಅದರ ಬೆಲೆಯೂ ಕ್ಲಾಕ್ ಸ್ಪ್ರಿಂಗಿನ ಮುಂದೆ ಬಹಳ ಕಡಿಮೆ. ವೈರ್ ಕಡೆಯ ಟರ್ಮಿನಲ್ ಬಿಡಿಸಿ ತೊಗಟೆ ಸುಲಿದರೆ ಒಳಗಿನ ತಾಮ್ರ ಕಪ್ಪಾಗಿತ್ತು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಬೇಕು, ಕಪ್ಪು ತಾಮ್ರಕ್ಕೆ ಸೀಸ ಹಿಡಿಯುವುದೇ ಇಲ್ಲ. ಅಷ್ಟೇ ದಪ್ಪದ ಹೊಸ ತುಂಡು ಬೆಸೆದು, ಒಳಗೆ ಗೋಂದಿರುವ, ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಿ, ಹೊಸ ಟರ್ಮಿನಲ್ ಹಾಕಿದೆ. ಕೊನೆಗೆ ವೈರಿಂಗ್ ಕಟ್ಟನ್ನು ಕಪ್ಲರಿಗಿಂತ ಸ್ವಲ್ಪ ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತಂದು ಕಟ್ಟಿದೆ. ಇನ್ನೊಮ್ಮೆ ನೀರು ಬಂದರೂ ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳಬೇಕು, ಕಪ್ಲರಿಗೆ ಹತ್ತಬಾರದು. ಟೆಸ್ಟ್ ಲ್ಯಾಂಪ್ ಹಚ್ಚಿದಾಗ ಈ ಸಲ ಬೆಳ್ಳಗೆ ಉರಿಯಿತು. ಕೋಡ್ ಅಳಿಸಿದೆ.

ರಸ್ತೆಗೆ ಹೋಗದೆ ಕೆಲಸ ಮುಗಿಯುವುದಿಲ್ಲ. ಬೆಳಿಗ್ಗೆ ವಾಹನ ಕಡಿಮೆ ಇರುವಾಗ ಮಾಸ್ತರರನ್ನೇ ಓಡಿಸಲು ಕೂರಿಸಿ, ನಾನು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ರೆಕಾರ್ಡಿಂಗಿಗೆ ಹಾಕಿ ಮಿರ್ಜಾನ್ ಕಡೆ ಹೊರಟೆವು. ಅರವತ್ತಕ್ಕೆ ಸೆಟ್ ಒತ್ತಿದರು, ಹಿಡಿಯಿತು. ಅಘನಾಶಿನಿ ಸೇತುವೆಯ ಜಾಯಿಂಟ್ ಮೇಲೆ ಚಕ್ರ ಹಾರಿದ ಕೂಡಲೇ ಬಿಟ್ಟಿತು. ರೆಕಾರ್ಡಿಂಗ್ ತೆಗೆದು ನೋಡಿದರೆ ಬ್ರೇಕಿನ ಎರಡೂ ಗೆರೆಗಳು ನೆಟ್ಟಗಿದ್ದವು, ಅದೇ ಗಳಿಗೆಯಲ್ಲಿ ಕ್ಲಚ್ ಸ್ವಿಚ್ ಮಾತ್ರ ಒಮ್ಮೆ ಆನ್ ಆಗಿ ಆಫ್ ಆಗಿತ್ತು. ಹಿಂದೆ ಯಾವಾಗಲೋ ಕ್ಲಚ್ ಪ್ಲೇಟ್ ಬದಲಿಸಿದಾಗ ಪೆಡಲಿನ ಸ್ವಿಚ್ಚನ್ನು ಅಂಚಿನಲ್ಲೇ ಕೂರಿಸಿದ್ದರು, ಸಣ್ಣ ಕುಲುಕಿಗೂ ಕ್ಲಚ್ ಒತ್ತಿದಂತೆ ಆಗುತ್ತಿತ್ತು. ಚೆಕ್ ನಟ್ ಸಡಿಲಿಸಿ ಸ್ವಿಚ್ಚನ್ನು ಪೆಡಲಿನ ಕಡೆ ಒಂಚೂರು ಒಳಕ್ಕೆ ತಂದು ಬಿಗಿದದ್ದಷ್ಟೇ. ಆಮೇಲೆ ಹಿರೇಗುತ್ತಿಯವರೆಗೆ ಹೋಗಿ ತಿರುಗಿ ಬಂದರೂ ಬಿಡಲಿಲ್ಲ. ಬ್ರೇಕ್ ಮುಟ್ಟಿ ಬಿಡಿಸಿದೆವು, ಕ್ಲಚ್ ಒತ್ತಿ ಬಿಡಿಸಿದೆವು, ಕ್ಯಾನ್ಸಲ್ ಬಟನ್ನಿನಿಂದಲೂ ಬಿಡಿಸಿದೆವು. ಹಿಡಿಯುವುದಕ್ಕಿಂತ ಬಿಡುವುದನ್ನೇ ಹೆಚ್ಚು ಪರೀಕ್ಷೆ ಮಾಡಬೇಕು.

ಇದಕ್ಕಿಂತ ಹಳೆಯ ಕಾಲದ, ಎಕ್ಸಲೇಟರ್ ಕೇಬಲ್ ಇರುವ ಆಮದು ಕಾರುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಥ್ರಾಟಲ್ ಎಳೆಯಲು ಪ್ರತ್ಯೇಕ ಮೋಟಾರೋ ವ್ಯಾಕ್ಯೂಮ್ ಡಬ್ಬವೋ ಇರುತ್ತದೆ. ವ್ಯಾಕ್ಯೂಮಿನ ರಬ್ಬರ್ ಪೈಪ್ ಬಿರಿದಿದೆಯೇ ಎಂದು ಮೊದಲು ನೋಡಿ. ಅಂಥ ಕೆಲವು ಕಾರುಗಳಲ್ಲಿ ಕ್ರೂಸ್ ಪೆಟ್ಟಿಗೆ ಬ್ರೇಕ್ ಬಲ್ಬಿನ ತಂತಿಯ ಮೂಲಕವೇ ಅರ್ಥಿಂಗ್ ನೋಡುತ್ತದೆ. ಬಲ್ಬ್ ಸುಟ್ಟಿದ್ದರೂ, ಚೆಂದಕ್ಕೆಂದು ಎಲ್‌ಇಡಿ ಹಾಕಿಸಿದ್ದರೂ ಕ್ರೂಸ್ ಹಿಡಿಯುವುದಿಲ್ಲ. ಹಳೆಯ ತರಹದ ಬಲ್ಬ್ ಹಾಕಿ ನೋಡುವುದೇ ಅಲ್ಲಿ ಮೊದಲ ಪರೀಕ್ಷೆ. ಅಂದಹಾಗೆ ಕ್ರೂಸ್ ಕಂಟ್ರೋಲ್ ಕಂಡುಹಿಡಿದ ಅಮೆರಿಕದ ಇಂಜಿನಿಯರ್ ರಾಲ್ಫ್ ಟೀಟರ್ ಅವರಿಗೆ ಚಿಕ್ಕಂದಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವರ ಸಾಧನಕ್ಕೆ 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಮಾಡೆಲಿನ ಕ್ರೈಸ್ಲರ್ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂತು. ಪಕ್ಕದ ಸೀಟಿನಲ್ಲಿ ಕೂತು ವೇಗದ ಏರಿಳಿತವನ್ನು ಮೈಯಿಂದಲೇ ಅರಿತವರು ಅವರು. ಅವರನ್ನು ನೆನೆದಾಗೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಕೀ ಕೊಡುವಾಗ ಮಾಸ್ತರರು, "ಮಳೇಲೂ ಹಾಕ್ಬಹುದೋ?" ಎಂದು ಕೇಳಿದರು.

"ಬೇಡ ಮಾಸ್ತರ್ರೇ. ನೀರು ನಿಂತ ರಸ್ತೆಯಲ್ಲಿ ಚಕ್ರ ಜಾರಿದ್ರೆ ಅದು ವೇಗ ಹಿಡಿದಿಡೋಕೇ ನೋಡ್ತದೆ, ನಿಮ್ಮ ಕಾಲು ಬ್ರೇಕಿಗೆ ಹೋಗೋದ್ರೊಳಗೆ ಹೊತ್ತು ಮೀರ್ತದೆ. ದೇವಿಮನೆ ಘಟ್ಟದಲ್ಲೂ ಬೇಡ, ಅರಬೈಲ್ ಘಟ್ಟದಲ್ಲೂ ಬೇಡ. ಮತ್ತೆ ಮೇ ತಿಂಗಳಲ್ಲಿ ಒಮ್ಮೆ ಆ ವೈಪರ್ ಕೆಳಗಿನ ಎಲೆ ತೆಗೆಸಿ."

"ಹಲಸಿನ ಮರ ಕಡಿಯೂಕೆ ಆಗೂದಿಲ್ಲ. ಕಾರನ್ನೇ ಆಚೆ ನಿಲ್ಲಿಸ್ತೆ" ಎಂದು ಹೊರಟರು.